ಎತ್ತರದ ಕಾರು, ಮನೆಮಂದಿಯ ಕ್ಷೇಮ

ಹಗರೆಯಂಥ ಊರುಗಳಲ್ಲಿ ಕಾರು ಎಂದರೆ ಹಿಂದೆಲ್ಲ ಮದುವೆಗೋ ಆಸ್ಪತ್ರೆಗೋ ಬಾಡಿಗೆಗೆ ತರುತ್ತಿದ್ದ ಅಂಬಾಸಿಡರ್ ಅಥವಾ ಓಮ್ನಿ. ಈಗ ಅನೇಕ ಮನೆಗಳ ಅಂಗಳದಲ್ಲಿ ಸ್ವಂತ ಕಾರು ನಿಂತಿದೆ. ಅದರಲ್ಲೂ ಹೊಸದಾಗಿ ಕೊಳ್ಳುವವರು ಹೆಚ್ಚಾಗಿ ಆರಿಸುವುದು ಎತ್ತರದ ಕಾರನ್ನು. ಅದರ ಒಡಲು ಕಾರಿನದು, ನಿಲುವು ಜೀಪಿನದು. ವ್ಯಾಪಾರದವರು ಇದನ್ನು ಕ್ರಾಸೋವರ್ ಎನ್ನುತ್ತಾರೆ. 2015ರಲ್ಲಿ ಕ್ರೆಟಾ, 2016ರಲ್ಲಿ ಬ್ರೆಜಾ, 2017ರಲ್ಲಿ ನೆಕ್ಸಾನ್ ಬಂದ ಮೇಲೆ ಈ ಜಾತಿಯ ವಾಹನಗಳು ಹಳ್ಳಿಯ ದಾರಿಗಳಲ್ಲೂ ಸಾಮಾನ್ಯವಾಗಿವೆ.

ಹೊಸ ಕಾರು ಬಂದಾಗ ಮೈಲೇಜು, ಸರ್ವಿಸ್ ಖರ್ಚು, ಟೈರು ಎಂದು ಎಲ್ಲವನ್ನೂ ವಿಚಾರಿಸುತ್ತೇವೆ. ಅದರೊಳಗೆ ಕೂರುವ ದೇಹಗಳ ಬಗ್ಗೆ ವಿಚಾರಿಸುವವರು ಕಡಿಮೆ. ಎತ್ತರದ ಕಾರಿನಲ್ಲಿ ಕೂತರೆ ರಸ್ತೆಯೆಲ್ಲ ಕೆಳಗೆ ಕಾಣುತ್ತದೆ, ಮನಸ್ಸಿಗೆ ಒಂದು ಬಗೆಯ ಧೈರ್ಯ ಬರುತ್ತದೆ. ಆ ಧೈರ್ಯದಲ್ಲಿ ಸ್ವಲ್ಪ ನಿಜ ಇದೆ, ಸ್ವಲ್ಪ ಮೋಸವೂ ಇದೆ. ಎರಡನ್ನೂ ಬಿಡಿಸಿ ನೋಡುವುದು ಈ ವಾರದ ಲೇಖನದ ಉದ್ದೇಶ.

ಮಂಡಿನೋವಿನವರಿಗೆ ಅನುಕೂಲ

ಮೊದಲು ಒಳ್ಳೆಯ ಸಂಗತಿ. ಚಿಕ್ಕ ಕಾರಿನ ತಗ್ಗಿದ ಸೀಟಿನಲ್ಲಿ ಕೂರುವುದೆಂದರೆ ಮಣೆಯ ಮೇಲೆ ಕೂತಂತೆ. ಏಳುವಾಗ ಮಂಡಿ ಪೂರ್ತಿ ಮಡಚಿ, ದೇಹದ ಭಾರವನ್ನೆಲ್ಲ ತೊಡೆಯ ಸ್ನಾಯುಗಳಿಂದ ಎತ್ತಬೇಕು. ಆಗ ಮಂಡಿಚಿಪ್ಪಿನ ಹಿಂಭಾಗದ ಕೀಲಿನ ಮೇಲೆ ಒತ್ತಡ ಬಹಳ ಹೆಚ್ಚಾಗುತ್ತದೆ. ಎತ್ತರದ ಕಾರಿನ ಸೀಟು ಸುಮಾರು ಕುರ್ಚಿಯ ಮಟ್ಟದಲ್ಲಿರುವುದರಿಂದ ಮಂಡಿ ಸವೆದ ಹಿರಿಯರಿಗೆ, ಸೊಂಟನೋವಿನವರಿಗೆ ಹತ್ತಿ ಇಳಿಯುವುದು ಸುಲಭ.

ಆದರೆ ಹತ್ತುವ ಕ್ರಮ ತಿಳಿದಿರಬೇಕು. ಒಂದು ಕಾಲನ್ನು ಒಳಗಿಟ್ಟು, ಇನ್ನೊಂದನ್ನು ಹೊರಗಿಟ್ಟು, ಮೈ ತಿರುಚಿಕೊಂಡು ಹತ್ತಬಾರದು. ಬೆನ್ನನ್ನು ಸೀಟಿನ ಕಡೆ ಮಾಡಿ ಮೊದಲು ಕುಳಿತುಕೊಳ್ಳಬೇಕು. ನಂತರ ಎರಡೂ ಕಾಲುಗಳನ್ನು ಜೋಡಿಸಿ ಒಳಗೆ ತಿರುಗಿಸಬೇಕು. ಇಳಿಯುವಾಗ ಎರಡೂ ಪಾದ ನೆಲಕ್ಕೆ ತಾಗಿದ ಮೇಲೆ ಒಂದು ಕ್ಷಣ ಕುಳಿತು, ಆಮೇಲೆ ಏಳಬೇಕು. ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ಥಟ್ಟನೆ ಎದ್ದರೆ ತಲೆ ಸುತ್ತುವುದುಂಟು. ಚಾಲಕರು ಚರಂಡಿಯ ಅಂಚಿನಲ್ಲಿ, ಇಳಿಜಾರಿನಲ್ಲಿ ಹಿರಿಯರನ್ನು ಇಳಿಸಬಾರದು. ಕಾಲು ನೆಲಕ್ಕೆ ಎಟುಕದಷ್ಟು ಎತ್ತರವಿದ್ದರೆ ಒಂದು ಗಟ್ಟಿ ಮೆಟ್ಟಿಲುಮಣೆ ಇಟ್ಟುಕೊಳ್ಳುವುದು ಒಳ್ಳೆಯದು.

ಗಾಡಿ ನಿಂತರೂ ದೇಹ ನಿಲ್ಲುವುದಿಲ್ಲ

ಈಗ ಮೋಸದ ಭಾಗ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರಿನೊಳಗೆ ಕೂತವರೂ ಅದೇ ವೇಗದಲ್ಲಿ ಹೋಗುತ್ತಿರುತ್ತಾರೆ. ಕಾರು ಮರಕ್ಕೋ ಲಾರಿಗೋ ಬಡಿದು ನಿಂತಾಗ ಕಾರು ಮಾತ್ರ ನಿಲ್ಲುತ್ತದೆ. ಒಳಗಿನ ದೇಹ ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಏನಾದರೂ ಅಡ್ಡ ಸಿಗುವವರೆಗೆ. ಈ ವೇಗದ ಪೆಟ್ಟು ಸುಮಾರು 10 ಮೀಟರ್ ಎತ್ತರದ ತೆಂಗಿನಮರದಿಂದ ನೆಲಕ್ಕೆ ಬಿದ್ದಷ್ಟಕ್ಕೆ ಸಮ. ವೇಗ 80 ಆದರೆ 25 ಮೀಟರ್ ಎತ್ತರದಿಂದ ಬಿದ್ದ ಹಾಗೆ. ಕಾರಿನ ಎತ್ತರ, ತೂಕ, ಬೆಲೆ ಯಾವುದೂ ಈ ಲೆಕ್ಕವನ್ನು ಬದಲಿಸುವುದಿಲ್ಲ.

ಸೀಟ್ ಬೆಲ್ಟ್ ಮಾಡುವ ಕೆಲಸ ಇಷ್ಟೇ: ಆ ಪೆಟ್ಟನ್ನು ದೇಹದ ಗಟ್ಟಿ ಎಲುಬುಗಳ ಮೇಲೆ ಹಂಚುತ್ತದೆ, ದೇಹ ನಿಲ್ಲಲು ಇನ್ನೊಂದಿಷ್ಟು ಸಮಯ ಕೊಡುತ್ತದೆ. ಭುಜದ ಪಟ್ಟಿ ಎದೆಗೂಡಿನ ಮೇಲೆ, ಕೆಳಪಟ್ಟಿ ಸೊಂಟದ ಮೂಳೆಯ ಮೇಲೆ ಇರಬೇಕು. ಕೆಳಪಟ್ಟಿ ಹೊಟ್ಟೆಯ ಮೇಲೇರಿದರೆ ಕರುಳು, ಗುಲ್ಮ, ಯಕೃತ್ತಿನಂಥ ಮೃದು ಅಂಗಗಳಿಗೆ ಏಟು ಬೀಳುತ್ತದೆ. ಭುಜದ ಪಟ್ಟಿ ಒತ್ತುತ್ತದೆಂದು ಕಂಕುಳ ಕೆಳಗೆ ತೂರಿಸಿಕೊಳ್ಳುವುದೂ ಅಪಾಯವೇ. ಬಸುರಿಯರು ಬೆಲ್ಟ್ ಹಾಕಲೇಬೇಕು. ಕೆಳಪಟ್ಟಿ ಹೊಟ್ಟೆಯ ಕೆಳಗೆ ತೊಡೆಸಂದಿಗೆ ಹೊಂದಿಕೊಂಡಿರಲಿ, ಮೇಲಿನ ಪಟ್ಟಿ ಎದೆಯ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಇಳಿಯಲಿ.

‘ಮುಂದೆ ಕೂರುವವರಿಗೆ ಬೆಲ್ಟ್, ಹಿಂದೆ ಕೂರುವವರಿಗೆ ಏಕೆ?’ ಎಂದು ಅನೇಕರು ಕೇಳುತ್ತಾರೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ನಡೆದ ಅಪಘಾತದಲ್ಲಿ ಟಾಟಾ ಸನ್ಸ್ ಸಂಸ್ಥೆಯ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ತೀರಿಕೊಂಡರು. ಕಾರು ಬಹು ಬೆಲೆಯದು. ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲವೆಂದು ಪೊಲೀಸರು ಹೇಳಿದರು. ಆ ಇಬ್ಬರೂ ಉಳಿಯಲಿಲ್ಲ. ಮುಂದಿನ ಸೀಟಿನ ಇಬ್ಬರು ತೀವ್ರವಾಗಿ ಗಾಯಗೊಂಡರೂ ಬದುಕಿದರು. ಇನ್ನೊಂದು ಮಾತು: ಬೆಲ್ಟ್ ಇಲ್ಲದೆ ಹಿಂದೆ ಕೂತವರು ತಮ್ಮೊಬ್ಬರ ಜೀವವನ್ನಷ್ಟೇ ಪಣಕ್ಕಿಡುವುದಿಲ್ಲ. ಅಪಘಾತದಲ್ಲಿ ಅವರ ದೇಹ ಮುಂದಿನ ಸೀಟಿಗೆ ಅಪ್ಪಳಿಸಿ ಅಲ್ಲಿದ್ದವರನ್ನೂ ಜಜ್ಜುತ್ತದೆ.

ಕಾರಿಗೆ ಐದು ನಕ್ಷತ್ರ ಸಿಕ್ಕಿದೆ, ಗಾಳಿಚೀಲಗಳಿವೆ ಎಂದು ಭರವಸೆಯಿಂದ ಇರುವವರು ಒಂದು ವಿಷಯ ತಿಳಿಯಬೇಕು. ಈ ನಕ್ಷತ್ರಗಳನ್ನು ಕೊಡುವ ಮುನ್ನ ಕಾರಿನಲ್ಲಿ ಗೊಂಬೆಗಳನ್ನು ಕೂರಿಸಿ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯ ಕ್ರಮವೂ ಇದೇ. ಆ ಗೊಂಬೆಗಳಿಗೆ ಬೆಲ್ಟ್ ಹಾಕಿರುತ್ತಾರೆ. ಮಕ್ಕಳ ಗೊಂಬೆಗಳನ್ನು ಮಕ್ಕಳ ಸೀಟಿನಲ್ಲಿ ಬಿಗಿದಿರುತ್ತಾರೆ. ಎಂದರೆ ನಕ್ಷತ್ರ ಸಿಕ್ಕಿರುವುದು ಬೆಲ್ಟ್ ಹಾಕಿದ ಗೊಂಬೆಗೆ. ಬೆಲ್ಟ್ ಹಾಕದ ನಮಗೆ ಅದು ಅನ್ವಯಿಸುವುದಿಲ್ಲ.

ಬೆಲ್ಟ್ ಹಾಕದಿದ್ದರೆ ಕೂಗುವ ಶಬ್ದವನ್ನು ಅಡಗಿಸಲು ಬರಿಯ ಕೊಂಡಿಯನ್ನು ಸಿಕ್ಕಿಸಿಡುವ ಚಾಳಿಯೂ ಇದೆ. ಇಂಥ ಕೊಂಡಿಗಳನ್ನು ಮಾರಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮೇ ತಿಂಗಳಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಆದೇಶಿಸಿತು. ‘ಇಲ್ಲೇ ಹಾಸನಕ್ಕೆ ತಾನೇ’, ‘ಬೇಲೂರು ಎಷ್ಟು ದೂರ’ ಎಂಬ ಮಾತೂ ಬೇಡ. ನಮ್ಮ ಹಾಸನ–ಬೇಲೂರು ರಸ್ತೆಯಲ್ಲಿ ಬಸ್ಸು, ಲಾರಿ, ಟ್ರ್ಯಾಕ್ಟರ್, ದನಕರು ಎಲ್ಲವೂ ಒಟ್ಟಿಗೆ ಸಾಗುತ್ತವೆ. ಅಪಘಾತ ದೂರ ನೋಡಿ ಬರುವುದಿಲ್ಲ.

ಮಗುವಿಗೆ ಮಡಿಲು ಸಾಲದು

ಮಗುವಿಗೆ ಅಜ್ಜಿಯ ಮಡಿಲಿಗಿಂತ ಸುರಕ್ಷಿತ ಜಾಗ ಇಲ್ಲವೆಂಬುದು ನಮ್ಮ ನಂಬಿಕೆ. ಮನೆಯಲ್ಲಿ ಅದು ನಿಜ, ಓಡುವ ಕಾರಿನಲ್ಲಿ ಅಲ್ಲ. 50 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 10 ಕಿಲೋ ತೂಕದ ಮಗುವನ್ನು ಹಿಡಿದಿಡಲು ಸುಮಾರು 140 ಕಿಲೋ ಎತ್ತುವಷ್ಟು ಬಲ ಬೇಕು. ಅಷ್ಟು ಬಲ ಯಾವ ತಾಯಿಯ ತೋಳಿನಲ್ಲೂ ಇಲ್ಲ. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡರಂತೂ ಮಗುವೇ ದೊಡ್ಡವರಿಗೂ ಡ್ಯಾಶ್‌ಬೋರ್ಡಿಗೂ ನಡುವಿನ ದಿಂಬಾಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉಬ್ಬುವ ಗಾಳಿಚೀಲ ಮಗುವಿನ ತಲೆ, ಕುತ್ತಿಗೆಗೆ ನೇರವಾಗಿ ಹೊಡೆಯುತ್ತದೆ.

ಎಳೆಯ ಮಗುವಿನ ತಲೆ ದೇಹದ ಉದ್ದದ ಕಾಲು ಭಾಗದಷ್ಟಿರುತ್ತದೆ, ಕುತ್ತಿಗೆ ಇನ್ನೂ ಬಲಿತಿರುವುದಿಲ್ಲ. ಆದ್ದರಿಂದ ಕನಿಷ್ಠ ಎರಡು ವರ್ಷದವರೆಗೆ, ಕಾರಿನ ಹಿಂಭಾಗಕ್ಕೆ ಮುಖ ಮಾಡಿರುವ ಮಕ್ಕಳ ಸೀಟಿನಲ್ಲಿ ಕೂರಿಸಬೇಕು. ಆಗ ಪೆಟ್ಟು ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಗಾಳಿಚೀಲ ಇರುವ ಮುಂದಿನ ಸೀಟಿನಲ್ಲಿ ಮಾತ್ರ ಇದನ್ನು ಎಂದೂ ಇಡಬಾರದು. ಮುಂದೆ ಬೆಳೆದಂತೆ ಮುಂದಕ್ಕೆ ಮುಖ ಮಾಡಿದ ಸೀಟು, ನಂತರ ಬೆಲ್ಟ್ ಸರಿಯಾಗಿ ಭುಜದ ಮೇಲೆ ಬರುವಷ್ಟು ಎತ್ತರವಾಗುವವರೆಗೆ ಎತ್ತರಿಸುವ ಸೀಟು ಬೇಕು. ಈಗಿನ ಬಹುತೇಕ ಕಾರುಗಳ ಹಿಂದಿನ ಸೀಟಿನಲ್ಲಿ ಇವನ್ನು ಬಿಗಿಯಲು ಐಸೋಫಿಕ್ಸ್ ಎಂಬ ಕೊಕ್ಕೆಗಳಿರುತ್ತವೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಿಂದ ಭದ್ರಪಡಿಸದಿದ್ದರೆ 1000 ರೂಪಾಯಿ ದಂಡ. ಕಾರಿನ ಸೀಟಿಗೆ ಹೊದಿಕೆ, ಹಾಡಿನ ಪೆಟ್ಟಿಗೆ ಎಂದು ಸಾವಿರಗಟ್ಟಲೆ ಖರ್ಚು ಮಾಡುವವರು ಮೊದಲು ಈ ಸೀಟು ಕೊಳ್ಳಲಿ.

ಘಾಟಿಯಲ್ಲಿ ವಾಂತಿ

ಧರ್ಮಸ್ಥಳಕ್ಕೆಂದು ಹೊರಟು ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಮಕ್ಕಳು ವಾಂತಿ ಮಾಡಿಕೊಳ್ಳುವುದು ಎಲ್ಲರ ಅನುಭವ. ತಿರುವುಗಳಲ್ಲಿ ಒಳಗಿವಿ ‘ದೇಹ ಓಲಾಡುತ್ತಿದೆ’ ಎಂದು ಮಿದುಳಿಗೆ ಹೇಳುತ್ತದೆ. ಕಾರಿನ ಒಳಭಾಗವನ್ನೇ ನೋಡುವ ಕಣ್ಣು ‘ಎಲ್ಲವೂ ನಿಂತಿದೆ’ ಎನ್ನುತ್ತದೆ. ಈ ಎರಡು ವರದಿಗಳ ಜಗಳವೇ ಹೊಟ್ಟೆ ತೊಳಸಲು ಕಾರಣ. ಎತ್ತರದ ಗಾಡಿ ತಿರುವಿನಲ್ಲಿ ಸ್ವಲ್ಪ ಹೆಚ್ಚೇ ಓಲುತ್ತದೆ. ಮೂರನೇ ಸಾಲಿನ ಸೀಟಿದ್ದರೆ ಅಲ್ಲಿ ಕೂತವರಿಗೆ ತೊಂದರೆ ಇನ್ನೂ ಹೆಚ್ಚು. ದಾರಿಯನ್ನೇ ನೋಡುತ್ತಿರುವ ಚಾಲಕನಿಗೆ ವಾಂತಿ ಬರುವುದು ಅಪರೂಪ.

ಆದ್ದರಿಂದ ಹೊರಡುವ ಮುನ್ನ ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ಪದಾರ್ಥವೂ ಬೇಡ. ಎರಡು ಇಡ್ಲಿ ಸಾಕು. ಮೊಬೈಲ್ ಕೊಡದೆ ದೂರದ ಬೆಟ್ಟ ತೋರಿಸಿ. ಮಕ್ಕಳ ಸೀಟು ಎತ್ತರವಿರುವುದರಿಂದ ಕಿಟಕಿಯ ಹೊರಗೆ ನೋಡಲೂ ಅನುಕೂಲ. ವಾಂತಿಯ ನೆಪದಲ್ಲಿ ಮಗುವನ್ನು ಮುಂದಿನ ಸೀಟಿಗೆ ಎತ್ತಿಕೊಳ್ಳಬೇಡಿ, ಗಾಡಿ ನಿಲ್ಲಿಸಿ. ಮಾತ್ರೆ ಬೇಕಿದ್ದರೆ ವೈದ್ಯರನ್ನು ಕೇಳಿ ಹೊರಡುವ ಮೊದಲೇ ನುಂಗಿಸಬೇಕು, ವಾಂತಿ ಶುರುವಾದ ಮೇಲಲ್ಲ. ಪ್ರೊಮೆಥಜೀನ್ ಮಾತ್ರೆಯನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಇದು ನಿದ್ದೆ ತರುವುದರಿಂದ ಚಾಲಕರೂ ನುಂಗಬಾರದು.

ನಿಂತ ಕಾರಿನ ಅಪಾಯ

ಹಳೇಬೀಡಿನಲ್ಲಿ ದೇವಸ್ಥಾನ ನೋಡಿ ಬರುವವರೆಗೆ ಮಲಗಿದ ಮಗುವನ್ನು ಕಾರಿನಲ್ಲೇ ಬಿಟ್ಟುಹೋಗುವುದುಂಟು. ಗಾಜಿನ ಮೂಲಕ ಒಳಹೊಕ್ಕ ಬಿಸಿಲಿನ ಕಾವು ಹೊರಗೆ ಹೋಗಲಾರದು. ಹೊರಗೆ 30 ಡಿಗ್ರಿ ಇದ್ದರೆ ಒಂದು ಗಂಟೆಯಲ್ಲಿ ಒಳಗೆ 50 ಡಿಗ್ರಿಯ ಆಸುಪಾಸಿಗೆ ಏರಬಹುದು. ಏರಿಕೆಯ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ ಆಗುತ್ತದೆ. ಗಾಜನ್ನು ಒಂದು ಬೆರಳು ಇಳಿಸಿದರೆ ಪ್ರಯೋಜನವಿಲ್ಲ. ಮಕ್ಕಳ ಮೈ ದೊಡ್ಡವರದಕ್ಕಿಂತ ಬೇಗ ಕಾಯುತ್ತದೆ. ಮಗುವನ್ನಾಗಲಿ, ನಡೆಯಲಾರದ ಹಿರಿಯರನ್ನಾಗಲಿ ಮುಚ್ಚಿದ ಕಾರಿನಲ್ಲಿ ಐದು ನಿಮಿಷವೂ ಬಿಡಬಾರದು. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಅನ್ನು ಕಾರಿನಲ್ಲಿ ಬಿಟ್ಟರೆ ಅದು ಕೆಟ್ಟುಹೋಗುತ್ತದೆ.

ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಚಾಲೂ ಇಟ್ಟು ಎ.ಸಿ. ಹಾಕಿಕೊಂಡು ಮಲಗುವುದು ಇನ್ನೊಂದು ಪ್ರಾಣಾಂತಿಕ ಅಭ್ಯಾಸ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು, ಅಷ್ಟರಲ್ಲೇ ಪ್ರಜ್ಞೆ ಹೋಗಬಹುದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಸ್ವಂತ ಅಂಗಳದಲ್ಲಿ. ಎತ್ತರದ ಕಾರಿನಿಂದ ದೂರದ ರಸ್ತೆ ಚೆನ್ನಾಗಿ ಕಾಣುತ್ತದೆ, ಆದರೆ ಬಾನೆಟ್ಟಿನ ಎದುರಿಗೇ, ಡಿಕ್ಕಿಯ ಹಿಂದೆಯೇ ಕುಳಿತ ಕೂಸು ಕಾಣುವುದಿಲ್ಲ. ಅಪ್ಪನ ಕಾರಿನ ಶಬ್ದ ಕೇಳಿ ಮಗು ಓಡಿಬರುವುದೂ ಆ ಜಾಗಕ್ಕೇ. ಹಿಂಭಾಗದ ಕ್ಯಾಮೆರಾ ಇದ್ದರೂ ಕೆಸರು, ಮಳೆಹನಿಗೆ ಅದು ಮಂಕಾಗುತ್ತದೆ. ಕಾರು ತೆಗೆಯುವಾಗ ಮನೆಯ ಒಬ್ಬರು ಮಗುವಿನ ಕೈ ಹಿಡಿದು ಚಾಲಕನಿಗೆ ಕಾಣುವಂತೆ ನಿಂತಿರಬೇಕು. ಚಾಲಕ ಒಮ್ಮೆ ಕಾರಿನ ಸುತ್ತ ನಡೆದು ನೋಡಿಯೇ ಹತ್ತಬೇಕು.

ಚಾಲಕನ ನಿದ್ದೆ

ರಾತ್ರಿಯ ಮದುವೆ ಊಟ ಮುಗಿಸಿ ಬೆಳಗಿನ ಜಾವಕ್ಕೆ ಮನೆ ಸೇರುವ ಹಟ ಬೇಡ. ರಾತ್ರಿ 2ರಿಂದ 5 ಗಂಟೆಯವರೆಗೆ, ಹಾಗೆಯೇ ಮಧ್ಯಾಹ್ನದ ಊಟದ ನಂತರ ದೇಹ ತಾನಾಗಿ ನಿದ್ದೆಗೆ ಜಾರುತ್ತದೆ. 80 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಕಾರು ಸುಮಾರು 90 ಮೀಟರ್ ದೂರ ಹೇಳುವವರಿಲ್ಲದೆ ಓಡುತ್ತದೆ. ಹಾಡು, ಕಿಟಕಿಯ ಗಾಳಿ ನಿದ್ದೆಗೆ ಮದ್ದಲ್ಲ. ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಒಂದು ಲೋಟ ಕಾಫಿ ಕುಡಿದು, ಇಂಜಿನ್ ಆರಿಸಿ ಗಾಜು ಇಳಿಸಿ ಹದಿನೈದು–ಇಪ್ಪತ್ತು ನಿಮಿಷ ಮಲಗಿದರೆ ಸ್ವಲ್ಪ ಹೊತ್ತಿಗೆ ಚೇತರಿಕೆ ಸಿಗುತ್ತದೆ. ಅದಕ್ಕೂ ಮೇಲಾದದ್ದು ನೆಂಟರ ಮನೆಯಲ್ಲೇ ಉಳಿದು ಬೆಳಿಗ್ಗೆ ಹೊರಡುವುದು.

ಹೊಸ ಕಾರಿಗೆ ಪೂಜೆ ಮಾಡಿಸಿ ಚಕ್ರದಡಿ ನಿಂಬೆಹಣ್ಣು ಇಡುವುದು ಎಲ್ಲ ಮನೆಗಳ ಪದ್ಧತಿ. ಅದರ ಜೊತೆಗೆ ಇನ್ನೊಂದು ಪದ್ಧತಿಯನ್ನೂ ಬೆಳೆಸಿಕೊಳ್ಳಿ. ಒಳಗೆ ಎಷ್ಟು ಜನ ಇದ್ದಾರೋ ಅಷ್ಟು ಬೆಲ್ಟ್ ಬಿಗಿಯುವವರೆಗೆ ಗಾಡಿ ಮುಂದೆ ಹೋಗಕೂಡದು. ಎಣಿಸುವ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳಿಗೆ ವಹಿಸಿ. ಅವರು ಅಜ್ಜನನ್ನೂ ಬಿಡುವುದಿಲ್ಲ, ಅಪ್ಪನನ್ನೂ ಬಿಡುವುದಿಲ್ಲ.