ಬೋಳು ತಲೆಗೆ ಮುಂಬಯಿಯ ಚಳಿಗಾಲ

ತಿರುಪತಿಯಲ್ಲಿ ಮುಡಿ ಕೊಟ್ಟು ಜನವರಿಯಲ್ಲಿ ಡೊಂಬಿವಲಿಗೋ ಮುಲುಂಡಿಗೋ ಮರಳುವ ಕನ್ನಡಿಗರ ನೆತ್ತಿಯನ್ನು ಕಾಡುವುದು ಚಳಿಗಿಂತ ಹೆಚ್ಚಾಗಿ ಒಣಗಾಳಿ. 1962ರ ಜನವರಿಯಲ್ಲಿ ಸಾಂತಾಕ್ರೂಜ್‌ನ ಉಷ್ಣಾಂಶ 7.4 ಡಿಗ್ರಿಗೆ ಇಳಿದದ್ದುಂಟಾದರೂ ಅದು ಅಪವಾದವೇ ಸರಿ. ಉತ್ತರದ ಒಳನಾಡಿನಿಂದ ಬೀಸುವ ಗಾಳಿಯಲ್ಲಿ ತೇವಾಂಶ ಕಡಿಮೆಯಿರುವುದರಿಂದ, ಕೂದಲಿನ ಮರೆ ಕಳೆದುಕೊಂಡ ಚರ್ಮ ಬೇಗ ಒಣಗಿ, ಬ್ಲೇಡು ಕೆರೆದ ಕಡೆಗಳಲ್ಲಿ, ವಿಶೇಷವಾಗಿ ಕಿವಿಯ ಹಿಂದೆ, ಬಿಳಿ ಹೊಟ್ಟೇಳುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಪಸೆ ಆರುವ ಮುನ್ನವೇ ಪೆಟ್ರೋಲಿಯಂ ಜೆಲ್ಲಿಯನ್ನು, ಅಂದರೆ ಚರ್ಮದ ನೀರು ಆವಿಯಾಗದಂತೆ ತಡೆಯುವ ಮುಲಾಮನ್ನು, ತೆಳುವಾಗಿ ಸವರಿದರೆ ಸಾಕು. ಕೊಬ್ಬರಿ ಎಣ್ಣೆಯೂ ಆದೀತು, ಆದರೆ ಮಲಸೀಜಿಯಾ ಎಂಬ ಶಿಲೀಂಧ್ರವು ಕೊಬ್ಬಿನಂಶವನ್ನೇ ಉಂಡು ಬೆಳೆಯುವುದರಿಂದ ತಲೆಹೊಟ್ಟಿರುವವರಿಗೆ ಅದು ಒಗ್ಗದಿರಬಹುದು. ಮುಂಜಾನೆಯ ಲೋಕಲ್‌ನ ಬಾಗಿಲಲ್ಲಿ ನಿಲ್ಲುವವರಿಗೆ ಹತ್ತಿಯ ಟೋಪಿಯೇ ಲೇಸು; ಉಣ್ಣೆಯದು ದಾದರ್ ತಲುಪುವಷ್ಟರಲ್ಲಿ ಬೆವರಿಳಿಸುತ್ತದೆ. ಮಧ್ಯಾಹ್ನ 30 ಡಿಗ್ರಿ ದಾಟುವ ಬಿಸಿಲಿಗೆ ಅದೇ ನೆತ್ತಿಯ ಮೇಲೆ ಸನ್‌ಸ್ಕ್ರೀನ್ ಕೂಡ ಬೇಕಾಗುತ್ತದೆ.