ಜಿಲೇಬಿ ಮೀನಿನ ಜಾತಕ

ಹೊಗೆನಕಲ್ಲಿನಲ್ಲಿ ಹರಿಗೋಲಿನಿಂದ ಇಳಿದು ದಡ ಹತ್ತಿದವರನ್ನು ಮೊದಲು ಹಿಡಿದು ನಿಲ್ಲಿಸುವುದು ಕರಿದ ಮೀನಿನ ವಾಸನೆ. ಖಾರ, ಅರಿಶಿನ ಮೆತ್ತಿದ ಅಂಗೈಯಗಲದ ಮೀನುಗಳನ್ನು ಸಾಲಾಗಿ ಜೋಡಿಸಿಕೊಂಡು ಕೂತಿದ್ದ ಹೆಂಗಸನ್ನು ‘ಯಾವ ಮೀನಮ್ಮ?’ ಎಂದು ಕೇಳಿದೆ. ‘ಜಿಲೇಬಿ ಸಾಮಿ, ಮುಳ್ಳು ಕಮ್ಮಿ’ ಅಂದರು, ಕನ್ನಡದಲ್ಲೇ. ಆಚೆ ದಡ ಚಾಮರಾಜನಗರ ಜಿಲ್ಲೆ, ಈಚೆಯದು ಧರ್ಮಪುರಿ. ಮಾತು ಮಾತ್ರ ಎರಡೂ ದಡಕ್ಕೆ ಸೇರಿದ್ದು. ಹೊಗೆಯ ಕಲ್ಲು ಎಂಬ ಊರ ಹೆಸರೇ ಕನ್ನಡ.

ಜತೆಗಿದ್ದ ಅಕ್ಕನ ಮಗ ಮುಖ ಸಿಂಡರಿಸಿದ. ಸೇಲಂನ ನೇಕಾರರ ಕೇರಿಯವನು. ಅವನ ತಾತನ ಗುಣಿಮಗ್ಗ ಇದ್ದ ಕೋಣೆಯಲ್ಲಿ ಈಗ ಮೂರು ಗಾಜಿನ ತೊಟ್ಟಿಗಳು, ಅವುಗಳಲ್ಲಿ ಅಮೆಜಾನ್ ಮೂಲದ ಏಂಜೆಲ್ ಮೀನುಗಳು. ‘ಮಾಮ, ಇದೂ ಸಿಕ್ಲಿಡ್ ಜಾತಿಯದ್ದೇ. ನನ್ನ ಏಂಜೆಲ್‌ಗೆ ನೆಂಟ’ ಎಂದ. ‘ಅವು ಮೂರು ಸಲ ಮೊಟ್ಟೆ ಇಟ್ಟಾಯ್ತು, ಮೂರು ಸಲಾನೂ ತಾವೇ ತಿಂದಾಯ್ತು. ಇದು ನೋಡಿದರೆ ಯಾರೂ ಕೇಳದೆ ಹೊಳೆ ತುಂಬ ಸಂಸಾರ ಮಾಡಿಕೊಂಡಿದೆ.’

ಆ ಹುಡುಗನ ಹೊಟ್ಟೆಕಿಚ್ಚೇ ನನ್ನನ್ನು ಈ ಮೀನಿನ ಜಾತಕ ತೆಗೆಯಲು ಕೂರಿಸಿತು.

ಮೊದಲಿಗೆ ಹೆಸರು. ಇದಕ್ಕೂ ಸಕ್ಕರೆ ಪಾಕಕ್ಕೂ ಸಂಬಂಧವಿಲ್ಲ. ಟಿಲಾಪಿಯಾ ಎಂಬುದು ನಮ್ಮವರ ನಾಲಿಗೆಯ ಮೇಲೆ ಜಿಲಾಪಿಯಾಗಿ, ಜಿಲೇಬಿಯಾಗಿ ಹೊರಳಿತು. ಆ್ಯಂಡ್ರೂ ಸ್ಮಿತ್ ಎಂಬ ವಿಜ್ಞಾನಿ 1840ರಲ್ಲಿ ಟಿಲಾಪಿಯಾ ಎಂಬ ಹೆಸರಿಟ್ಟಿದ್ದು ದಕ್ಷಿಣ ಆಫ್ರಿಕಾದ ತ್ಸ್ವಾನಾ ಜನರ ಮಾತಿನಿಂದ ಎನ್ನುತ್ತಾರೆ. ಅವರಲ್ಲಿ ಆ ಪದಕ್ಕೆ ಬರೀ ಮೀನು ಎಂದೇ ಅರ್ಥವಂತೆ. ಹಾಗಾದರೆ ಜಿಲೇಬಿ ಮೀನು ಎಂದರೆ ‘ಮೀನು ಮೀನು’! ನಮ್ಮ ಹೊಳೆಯ ಜಿಲೇಬಿಯ ಜಾತಿಯನ್ನು ಮೊಜಾಂಬಿಕ್‌ನ ಮಾದರಿಗಳಿಂದ ವಿಜ್ಞಾನಕ್ಕೆ ಪರಿಚಯಿಸಿದವರು ಜರ್ಮನಿಯ ವಿಲ್ಹೆಲ್ಮ್ ಪೀಟರ್ಸ್, 1852ರಲ್ಲಿ.

ಅಲ್ಲಿಂದ ಮುಂದಿನ ಎಂಬತ್ತೇಳು ವರ್ಷ ಹಾರಿ ಜಾವಾ ದ್ವೀಪಕ್ಕೆ ಬರೋಣ. ಕಥೆ ಇರುವುದೇ ಅಲ್ಲಿ.

ಪೂರ್ವ ಜಾವಾದ ಬ್ಲಿಟಾರ್ ಕಡೆಯ ಮುಜಾಯಿರ್ ಎಂಬಾತ 1939ರಲ್ಲಿ ದಕ್ಷಿಣ ಕರಾವಳಿಯ ಸೆರಾಂಗ್ ಅಳಿವೆಗೆ ಹೋಗಿದ್ದ. ವ್ಯಾಪಾರದಲ್ಲಿ ಕೈಸುಟ್ಟುಕೊಂಡು, ಮನಸ್ಸಿನ ನೆಮ್ಮದಿಗೆ ವ್ರತ ಹಿಡಿದಿದ್ದ ಎಂದು ಅಲ್ಲಿನವರು ಹೇಳುತ್ತಾರೆ. ನೀರಿನಲ್ಲಿ ಒಂದು ವಿಚಿತ್ರ ಕಂಡಿತು. ಅಪಾಯ ಬಂದಾಗ ಒಂದು ಮೀನು ಬಾಯಿ ತೆರೆಯುತ್ತದೆ, ಮರಿಗಳೆಲ್ಲ ಒಳಗೆ ನುಗ್ಗುತ್ತವೆ; ಅಪಾಯ ಕಳೆದರೆ ಹೊರಗೆ ಉಗುಳುತ್ತದೆ. ತಲೆಗೆ ಸುತ್ತಿದ್ದ ಬಟ್ಟೆಯನ್ನೇ ಬಲೆ ಮಾಡಿ ಹಿಡಿದು ಮನೆಗೆ ತಂದ. ಸಿಹಿನೀರಿಗೆ ಬಿಟ್ಟೊಡನೆ ಸತ್ತವು. ಮತ್ತೆ ಸಮುದ್ರಕ್ಕೆ ಹೋದ, ಮತ್ತೆ ತಂದ, ಮತ್ತೆ ಸತ್ತವು. ಉಪ್ಪುನೀರಿಗೆ ಸಿಹಿನೀರನ್ನು ಪ್ರತಿಸಲ ಇಷ್ಟಿಷ್ಟೇ ಹೆಚ್ಚಿಸುತ್ತ ಹೋದನಂತೆ. ಹನ್ನೊಂದನೆಯ ಸಲ ನಾಲ್ಕು ಮೀನು ಬದುಕಿದವು. ಮನೆಯ ಕೊಳದಲ್ಲಿ ಮರಿಯಾದವು. ಇಂಡೊನೇಷ್ಯಾದಲ್ಲಿ ಇವತ್ತಿಗೂ ಈ ಮೀನಿನ ಹೆಸರು ‘ಮುಜಾಯಿರ್’. ಆತ ತೀರಿಕೊಂಡದ್ದು 1957ರಲ್ಲಿ. ಗೋರಿಯ ಮೇಲೆ ಕೆತ್ತಿರುವುದು ಮೀನಿನ ಚಿತ್ರ.

ಆಫ್ರಿಕಾದ ಮೀನು ಜಾವಾದ ಅಳಿವೆಗೆ ಬಂದದ್ದಾದರೂ ಹೇಗೆ? ಅಂದಕ್ಕೆಂದು ಗಾಜಿನ ತೊಟ್ಟಿಯಲ್ಲಿ ಸಾಕಿದ ಯಾರೋ ಸಾಕಾಗಿ ನೀರಿಗೆ ಬಿಟ್ಟಿರಬೇಕು ಎಂಬುದು ಬಹಳ ಜನ ಹೇಳುವ ಊಹೆ. ಅದು ನಿಜವಾದರೆ ಹೊಗೆನಕಲ್ಲಿನ ಬಾಣಲೆಯ ಮೂಲ ಯಾರದೋ ಮನೆಯ ಪಡಸಾಲೆ.

ಮುಂದಿನದು ಓಟ. ಯುದ್ಧಕಾಲದ ಹಸಿವಿನಲ್ಲಿ ಜಪಾನೀ ಸೈನ್ಯ ಇದನ್ನು ದ್ವೀಪದಿಂದ ದ್ವೀಪಕ್ಕೆ ಹಂಚಿತು. 1946ರಲ್ಲಿ ವೂ ಮತ್ತು ಕುವೊ ಎಂಬಿಬ್ಬರು ಸಿಂಗಪುರದಿಂದ ತೈವಾನ್‌ಗೆ ಹದಿನಾರು ಮರಿ ಒಯ್ದರು, ಹದಿಮೂರು ಉಳಿದವು. ಆ ದ್ವೀಪದಲ್ಲಿ ಮೀನಿನ ಹೆಸರೇ ‘ವೂ-ಕುವೊ’. ಭಾರತಕ್ಕೆ ಬಂದದ್ದು 1952ರಲ್ಲಿ. ಮಂಡಪಂನಲ್ಲಿದ್ದ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಪಣಿಕ್ಕರ್ ಮತ್ತು ತಂಬಿ ಇದರ ಬಾಯಿಬಾಣಂತನವನ್ನು ಅಭ್ಯಾಸ ಮಾಡಿ 1954ರಲ್ಲಿ ಬರೆದರು.

ಆಗಿನವರ ಉತ್ಸಾಹವನ್ನು ಇವತ್ತು ಕೂತು ಗೇಲಿ ಮಾಡುವುದು ಸುಲಭ. ನಮ್ಮ ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮೊಟ್ಟೆಯಿಡುವ ಮೀನುಗಳಲ್ಲ. ಮಳೆಗಾಲದಲ್ಲಿ ನದಿಗಿಳಿದು ಮರಿ ಸೋಸಿ ತರಬೇಕು. ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಅವು ಕೊಳದಲ್ಲೇ ಮೊಟ್ಟೆಯಿಡುವಂತೆ ಮಾಡಿದ್ದು 1957ರಲ್ಲಿ. ಅದಕ್ಕೂ ಐದು ವರ್ಷ ಮೊದಲೇ, ಚುಚ್ಚುಮದ್ದು ಬೇಡ, ಹರಿವ ನೀರು ಬೇಡ, ಉಪ್ಪಾದರೂ ಸರಿ ಸಿಹಿಯಾದರೂ ಸರಿ ಎನ್ನುವ ಮೀನು ಬಂದರೆ, ಅರೆಹೊಟ್ಟೆಯ ದೇಶಕ್ಕೆ ಅದು ಕಾಮಧೇನುವಾಗಿಯೇ ಕಂಡಿರಬೇಕು.

ಕಾಮಧೇನುವಿಗೆ ನಿಲ್ಲುವುದು ಗೊತ್ತಿರಲಿಲ್ಲ. ಎರಡು ಮೂರು ತಿಂಗಳಿಗೇ ಹೆಣ್ಣು ಬಸಿರಿಗೆ ಬರುತ್ತದೆ. ಬೆಚ್ಚನೆಯ ನೀರಿನಲ್ಲಿ ತಿಂಗಳು, ತಿಂಗಳೂವರೆಗೊಂದು ಬಾಣಂತನ. ಕೊಳ ಕಿಕ್ಕಿರಿಯುತ್ತದೆ, ಮೀನು ಬೆಳೆಯುವುದನ್ನು ನಿಲ್ಲಿಸುತ್ತದೆ, ಬೆರಳುದ್ದದ ಮೀನೇ ಮರಿ ಹಾಕತೊಡಗುತ್ತದೆ. ಹರಡುವುದು ಸಾಕೆಂದು 1959ರಲ್ಲಿ ಭಾರತದ ಮೀನುಗಾರಿಕಾ ಸಂಶೋಧನಾ ಸಮಿತಿ ತಡೆ ಹಾಕಿತು. ಸಮಿತಿಯ ಕಾಗದ ಮೀನಿಗೆ ತಲುಪಲಿಲ್ಲ. ಕೆರೆ, ಕಾಲುವೆ, ಅಣೆಕಟ್ಟು ಎನ್ನದೆ ಅದು ಹರಡುತ್ತಲೇ ಹೋಯಿತು. ಕೃಷ್ಣಗಿರಿ ಅಣೆಕಟ್ಟಿನ ಬಳಿಯ ಮೀನಿನಂಗಡಿಯಲ್ಲೂ ಈಗ ಇದೇ ಜಿಲೇಬಿ.

ಮೆಟ್ಟೂರಿನ ಸ್ಟ್ಯಾನ್ಲಿ ಜಲಾಶಯದಲ್ಲೂ ಇದೆ. 1925ರಲ್ಲಿ ಶುರುವಾಗಿ 1934ರಲ್ಲಿ ಮುಗಿದ ಈ ಕಟ್ಟೆಯ ಪೂರ್ಣಮಟ್ಟ 120 ಅಡಿ. ನೀರು ತಳ ಕಂಡ ವರ್ಷಗಳಲ್ಲಿ ಪಣ್ಣವಾಡಿಯ ಹತ್ತಿರ ಮುಳುಗಿದೂರಿನ ನಂದಿ ತಲೆ ಎತ್ತುತ್ತದೆ, ಇಗರ್ಜಿಯ ಗೋಪುರ ಕಾಣುತ್ತದೆ. ಹಳೆಯ ಊರು ನೋಡಲು ಜನ ಹೋಗುತ್ತಾರೆ, ಫೋಟೊ ಹಿಡಿಯುತ್ತಾರೆ. ಕಲ್ಲಿನ ನಂದಿಗೆ ಆ ಭಾಗ್ಯವಾದರೂ ಇದೆ. ನೀರಿನೊಳಗೆ ಇದ್ದ ಹಳೆಯ ಕಾವೇರಿಯ ಮೀನುಗಳು ಯಾವ ಬೇಸಿಗೆಯಲ್ಲಿ ತಲೆ ಎತ್ತಿಯಾವು? ಜಗತ್ತಿನ ನೂರು ಕೆಟ್ಟ ದಾಳಿಕೋರ ಜೀವಿಗಳ ಪಟ್ಟಿಯಲ್ಲಿ ಮೊಜಾಂಬಿಕ್ ಟಿಲಾಪಿಯಾದ ಹೆಸರಿದೆ. ಅದೇ ಮೀನು ತನ್ನ ತವರಾದ ಆಫ್ರಿಕಾದಲ್ಲಿ ಅಪಾಯದಂಚಿನ ಕೆಂಪು ಪಟ್ಟಿಯಲ್ಲಿದೆ. ಅಲ್ಲಿಗೆ ಯಾರೋ ತಂದು ಬಿಟ್ಟ ನೈಲ್ ಟಿಲಾಪಿಯಾದ ಜತೆ ಬೆರೆತು ಅದರ ವಂಶವೇ ಕಲಸಿಹೋಗುತ್ತಿದೆ. ಮಾಡಿದ್ದುಣ್ಣೋ ಮಹಾರಾಯ ಎನ್ನೋಣವೆಂದರೆ, ಪಾಪ, ಮಾಡಿದ್ದು ಮೀನಲ್ಲ.

ಇಷ್ಟು ಓದಿಕೊಂಡು ಸೇಲಂಗೆ ಹೋದರೆ, ನನ್ನಳಿಯ ಸೋಲೊಪ್ಪದೆ ಒಂದು ಜೋಡಿ ಜಿಲೇಬಿಯನ್ನೇ ತಂದು ದೊಡ್ಡ ತೊಟ್ಟಿಗೆ ಬಿಟ್ಟಿದ್ದ. ಗಂಡಿನ ಮೈ ಕಪ್ಪಾಗಿ, ಗಂಟಲ ಕೆಳಗೆ ಬಿಳುಪು ತಿರುಗಿತ್ತು. ಬಾಯಲ್ಲಿ ಮರಳು ಕಚ್ಚಿ ಕಚ್ಚಿ ಉಗಿದು ದುಂಡನೆಯ ಗುಂಡಿ ತೋಡಿತ್ತು. ‘ನೋಡು ಮಾಮ, ತಾತನ ಮಗ್ಗದ ಗುಣಿ’ ಎಂದ ಹುಡುಗ. ಹೆಣ್ಣು ಆ ಗುಂಡಿಯಲ್ಲಿ ಮೊಟ್ಟೆಯಿಟ್ಟು ಬಾಯಿಗೆ ತುಂಬಿಕೊಂಡು ಐದು ದಿನವಾಗಿತ್ತು. ಗಲ್ಲದ ಕೆಳಗೆ ಚೀಲ ಕಟ್ಟಿದಂತೆ ಉಬ್ಬು. ಅನ್ನದಗುಳು ಮೂಗಿನ ಮುಂದೆ ತೇಲಿದರೂ ಮುಟ್ಟದು. ಆಗಾಗ ಬಾಯಿ ಮುಕ್ಕಳಿಸಿದಂತೆ ಮೊಟ್ಟೆಗಳನ್ನು ಒಳಗೇ ಹೊರಳಿಸುತ್ತಿತ್ತು. ಎರಡು ವಾರದಲ್ಲಿ ಮರಿಗಳ ಮೋಡವೇ ಹೊರಬಂತು. ಹುಡುಗ ಕುಣಿದ. ತಿಂಗಳು ಕಳೆಯುವುದರೊಳಗೆ ಇನ್ನೊಂದು ಮೋಡ.

‘ಇಷ್ಟನ್ನೂ ಎಲ್ಲಿ ಇಡಲಿ ಮಾಮ? ಏರಿಗೆ ಬಿಟ್ಟುಬಿಡಲಾ?’ ಎಂದು ಫೋನ್ ಮಾಡಿದ. ಏರಿ ಎಂದರೆ ಅವರ ಕಡೆ ಕೆರೆ. ಬೇಡ ಎಂದು ಬೈದೆ. ಕೊನೆಗೆ ಎಲ್ಲ ಕೇರಿಯ ಸಾರಿಗೆ ಹೋದವು.

ನಮ್ಮವೇ ಆದ ಸಿಕ್ಲಿಡ್‌ಗಳು ಭಾರತದಲ್ಲಿ ಮೂರೇ ಮೂರು. ಒಂದು, ಕೇರಳದವರು ಬಾಳೆಯೆಲೆಯಲ್ಲಿ ಸುಡುವ ಕರಿಮೀನು. ಎರಡು, ಫ್ರಾನ್ಸಿಸ್ ಡೇ 1877ರಲ್ಲಿ ದಕ್ಷಿಣ ಕನ್ನಡದ ಹೆಸರಿನಲ್ಲೇ ದಾಖಲಿಸಿದ ‘ಕ್ಯಾನರೆನ್ಸಿಸ್’. ಮೂರು, ಹಳದಿ ಮೈಯ ಮೇಲೆ ಕೆಂಪು ಚುಕ್ಕಿಯಿಟ್ಟ, ಮಲಯಾಳಿಗಳ ಪಲ್ಲತ್ತಿ. ತಮಿಳಿನಲ್ಲಿ ಇದಕ್ಕೆ ‘ಸೆಲ್ಲಕಾಸು’ ಎಂಬ ಹೆಸರಿದೆ. ನನ್ನ ಕನ್ನಡ ಕಿವಿಗೆ ಅದು ಸಲ್ಲದ ಕಾಸು ಎಂದೇ ಕೇಳಿಸಿತು. ವಿದೇಶದ ಮೀನುಸಾಕಣೆಗಾರರು ಕಾಸು ಕೊಟ್ಟು ಸಾಕುವ ಮೀನು ನಮ್ಮಲ್ಲಿ ಸಲ್ಲದ ಕಾಸು! ನಮ್ಮ ಅಕ್ವೇರಿಯಂ ಅಂಗಡಿಗಳಲ್ಲಿ ಅಮೆಜಾನ್ ಇದೆ, ಆಫ್ರಿಕಾದ ಸರೋವರಗಳಿವೆ. ನಮ್ಮ ಕರಾವಳಿಯ ಈ ಮೀನನ್ನು ಕೇಳಿದರೆ ಅಂಗಡಿಯವರು ನಮ್ಮ ಮುಖ ನೋಡುತ್ತಾರೆ.

ಅಲೆದಾಡಿ ಹುಡುಗ ಆರು ಸೆಲ್ಲಕಾಸು ತಂದ. ಜೋಡಿಯನ್ನು ಅವೇ ಆರಿಸಿಕೊಳ್ಳಲೆಂದು ಆರನ್ನೂ ಒಟ್ಟಿಗೆ ಬಿಟ್ಟ. ಏಂಜೆಲ್‌ಗೆ ಒಗ್ಗದ ಸೇಲಂನ ಗಡಸು ಬೋರ್‌ವೆಲ್ ನೀರೇ ಅಳಿವೆಯ ಈ ಮೀನಿಗೆ ಹಿತವಾಯಿತು. ಜತೆಗೆ ಒಂದಿಷ್ಟು ಕಲ್ಲುಪ್ಪು. ಬಚ್ಚಲ ಹಿಂದೆ ಬಿದ್ದಿದ್ದ ಹಳೆಯ ಮಂಗಳೂರು ಹಂಚಿನ ಚೂರೊಂದನ್ನು ತೊಟ್ಟಿಯಲ್ಲಿ ಓರೆಯಾಗಿ ನಿಲ್ಲಿಸಿದ. ನಾನು ಹೋದ ದಿನ ಹಂಚಿನ ತುಂಬ ಸಾಸಿವೆಗಿಂತ ಸಣ್ಣ ಮೊಟ್ಟೆಗಳು. ಇಲ್ಲಿ ಬಾಯಿಬಾಣಂತನವಿಲ್ಲ. ಗಂಡ ಹೆಂಡತಿ ಸರದಿಯ ಮೇಲೆ ರೆಕ್ಕೆ ಬೀಸುತ್ತ ಕಾವಲಿದ್ದವು. ಮರಿ ಈಜಲು ಕಲಿತ ಮೇಲೆ ತಾಯ್ತಂದೆಯರ ಮೈಯ ಲೋಳೆಯನ್ನೇ ಕುಟುಕಿ ತಿನ್ನುತ್ತವೆ. ಹಸುವಿನ ಮಗ್ಗುಲಲ್ಲಿ ಕರು ನಿಂತ ಹಾಗೆ.

‘ಇನ್ನೂರಾದರೂ ಇರಬಹುದು ಮಾಮ. ದೊಡ್ಡವಾದ ಮೇಲೆ ಏನು ಮಾಡೋದು?’

‘ಹಂಚು’ ಎಂದೆ.

ಅವನು ತೊಟ್ಟಿಯಲ್ಲಿದ್ದ ಹಂಚನ್ನು ನೋಡಿದ.

‘ಅದಲ್ಲವೋ, ಸ್ನೇಹಿತರಿಗೆ ಹಂಚು. ಏರಿಗೆ ಮಾತ್ರ ಹಂಚಬೇಡ.’