ಸರದಿಯಲ್ಲಿ ನಿಂತ ದಾಂಪತ್ಯ

ನನ್ನ ಅಕ್ಕನ ಮಗಳ ಮದುವೆ 2001ನೆಯ ಇಸವಿಯ ಮಾಘಮಾಸದಲ್ಲಿ ಹಾಸನದಲ್ಲಿ ನಡೆಯಿತು. ವರ ಅಮೆರಿಕದಲ್ಲಿ ಇಂಜಿನಿಯರ್. ಮೂರು ವಾರದ ರಜೆ ಪಡೆದು ಬಂದಿದ್ದ. ಹೆಣ್ಣೊಪ್ಪಿಸುವ ಶಾಸ್ತ್ರದ ಹೊತ್ತಿಗೆ ಅಕ್ಕ, ಭಾವ ಇಬ್ಬರೂ ಅತ್ತರು. ಸೋದರಮಾವನಾದ ನಾನೂ ಮರೆಯಲ್ಲಿ ಕಣ್ಣೊರಸಿಕೊಂಡೆ. ಆದರೆ ಅಂದು ಒಪ್ಪಿಸಿಕೊಟ್ಟ ಹುಡುಗಿ ಗಂಡನ ಬಳಿಗೆ ಹೊರಟದ್ದು 2005ರ ಡಿಸೆಂಬರಿನಲ್ಲಿ. ನಡುವೆ ಕಳೆದದ್ದು ಐದು ವರ್ಷಕ್ಕೆ ಎರಡೇ ತಿಂಗಳು ಕಡಿಮೆ. ಎರಡು ಮನೆಗಳ ನಡುವೆ ಜಗಳವಿರಲಿಲ್ಲ, ಕೊಡುವ ತರುವ ತಕರಾರಿರಲಿಲ್ಲ, ಯಾರ ಆರೋಗ್ಯವೂ ಕೆಟ್ಟಿರಲಿಲ್ಲ. ಅವಳು ಒಂದು ಸಾಲಿನಲ್ಲಿ ನಿಂತಿದ್ದಳು, ಅಷ್ಟೇ. ಆ ಸಾಲು ಎಂತಹುದು, ಅದು ಹೇಗೆ ಉಂಟಾಯಿತು ಎಂಬುದನ್ನು ನನಗೆ ತಿಳಿದಮಟ್ಟಿಗೆ ವಿವರಿಸಬೇಕೆಂದು ಈ ಹೊತ್ತು ನಿಮ್ಮ ಮುಂದೆ ಕುಳಿತಿದ್ದೇನೆ. ನಾನು ಕಾನೂನು ಓದಿದವನಲ್ಲ. ಕಾಲೇಜಿನಲ್ಲಿ ಇತಿಹಾಸದ ಪಾಠ ಹೇಳಿ ನಿವೃತ್ತನಾದವನು. ಮನೆಯ ಇಂಗ್ಲಿಷ್ ಕಾಗದಪತ್ರಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದುದರಿಂದ ಈ ವಿದ್ಯೆಯೂ ಬಂತು.

ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳೂ ಒಂದು ವೀಸಾ ಪ್ರಕಟಣೆಯನ್ನು ಹೊರಡಿಸುತ್ತದೆ. ಅದರಲ್ಲಿ ವರ್ಗಕ್ಕೊಂದು ತಾರೀಖು. ಆ ತಾರೀಖಿಗೆ ಮುಂಚೆ ಅರ್ಜಿ ಹಾಕಿದವರಿಗೆ ಈ ತಿಂಗಳು ಬಾಗಿಲು ತೆರೆದಿದೆ, ಉಳಿದವರು ಕಾಯಬೇಕು ಎಂದು ಅರ್ಥ. ನಮ್ಮ ಹುಡುಗಿಯ ಅರ್ಜಿಯ ತಾರೀಖು 2001ರ ಮಾರ್ಚ್. ಭಾವನವರು ಪ್ರತಿ ತಿಂಗಳೂ ಬಸ್ ನಿಲ್ದಾಣದ ಹತ್ತಿರದ ಸೈಬರ್ ಕೆಫೆಗೆ ನಡೆದುಹೋಗಿ, ಆ ತಾರೀಖನ್ನು ಚೀಟಿಯಲ್ಲಿ ಬರೆದು ತಂದು, ಮನೆಯ ಒಂಟಿಕೊಪ್ಪಲ್ ಪಂಚಾಂಗದ ಅಂಚಿನಲ್ಲಿ ನಕಲು ಮಾಡುತ್ತಿದ್ದರು. ಒಂದು ತಿಂಗಳಲ್ಲಿ ತಾರೀಖು ಐದು ವಾರ ಮುಂದೆ ಹೋಗುವುದು. ಇನ್ನೊಂದು ತಿಂಗಳಲ್ಲಿ ಒಂದು ವಾರ. ಮತ್ತೊಂದು ತಿಂಗಳಲ್ಲಿ ಕದಲದೆ ನಿಂತುಬಿಡುವುದು. ಬೇಡಿಕೆ ಅಂದಾಜನ್ನು ಮೀರಿದರೆ ಅದು ಹಿಂದಕ್ಕೂ ಸರಿಯಬಹುದು. ಗ್ರಹಗಳ ವಕ್ರಗತಿಯನ್ನು ಬಲ್ಲ ಭಾವನವರಿಗೆ ಇದೊಂದು ಮಾತ್ರ ಬೇಗ ಅರ್ಥವಾಯಿತು.

ಈ ಸಾಲಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಮೆರಿಕದ ಪ್ರಜೆಯೊಬ್ಬ ತನ್ನ ಹೆಂಡತಿಯನ್ನೋ ಗಂಡನನ್ನೋ ಕರೆಸಿಕೊಳ್ಳುವುದಕ್ಕೆ ಸಂಖ್ಯೆಯ ಮಿತಿಯಿಲ್ಲ. ಕಾಗದಪತ್ರಗಳ ತಪಾಸಣೆಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಹಿಡಿಯಬಹುದು, ಆದರೆ ಸರದಿಯೆಂಬುದಿಲ್ಲ. ಗ್ರೀನ್ ಕಾರ್ಡ್ ಪಡೆದ ಖಾಯಂ ನಿವಾಸಿಗೆ ಈ ಸೌಲಭ್ಯವಿಲ್ಲ. ಅವನ ಹೆಂಡತಿ ಮಕ್ಕಳು ಸೇರುವ ವರ್ಗಕ್ಕೆ 1990ರ ಕಾನೂನು ವರ್ಷಕ್ಕೆ 1,14,200 ಸಂಖ್ಯೆಯನ್ನು ಗೊತ್ತುಮಾಡಿ, ಅದರಲ್ಲಿ ನೂರಕ್ಕೆ 77 ಭಾಗವನ್ನು ಗಂಡ, ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳಿಗೆ ಮೀಸಲಿಟ್ಟಿತು. ಎಂದರೆ ಸುಮಾರು 88,000. ಜಗತ್ತಿನ ಎಲ್ಲ ದೇಶಗಳಿಗೂ ಸೇರಿ ಇಷ್ಟು. ಒಂದೊಂದು ದೇಶಕ್ಕೆ ನೂರಕ್ಕೆ ಏಳಕ್ಕಿಂತ ಹೆಚ್ಚು ಸಲ್ಲದೆಂಬ ಇನ್ನೊಂದು ನಿಯಮದಿಂದ ಈ ವರ್ಗದ ಮುಕ್ಕಾಲು ಪಾಲನ್ನು ಬಿಟ್ಟುಕೊಟ್ಟಿರುವುದರಿಂದ, ಹಾಸನದ ಹುಡುಗಿಯೂ ಅಡಿಸ್ ಅಬಾಬದ ಹುಡುಗಿಯೂ ಬಹುಮಟ್ಟಿಗೆ ಒಂದೇ ಸಾಲಿನಲ್ಲಿ ನಿಂತಿದ್ದರು. ಮೆಕ್ಸಿಕೊದವರ ಸಾಲು ಬಹುಕಾಲ ಅದಕ್ಕಿಂತಲೂ ಉದ್ದವಾಗಿತ್ತು.

ಇಷ್ಟನ್ನು ಕೇಳಿದವರು ‘ಪ್ರಜೆಗೆ ಮೊದಲು, ನಿವಾಸಿಗೆ ಆಮೇಲೆ, ಇದರಲ್ಲಿ ಅನ್ಯಾಯವೇನು?’ ಎನ್ನಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಎಚ್-1ಬಿ ವೀಸಾದ ಮೇಲೆ ಕೆಲವು ವರ್ಷದ ಕೆಲಸಕ್ಕಾಗಿ ಹೋದವನು ಹೆಂಡತಿಯನ್ನು ಜೊತೆಯಲ್ಲೇ ಕರೆದೊಯ್ಯಬಹುದು. ಅವಳಿಗೆ ಅಲ್ಲಿ ದುಡಿಯುವ ಹಕ್ಕು ಬಹುಕಾಲ ಇರಲಿಲ್ಲ. 2015ರಲ್ಲಿ ಕೆಲವರಿಗೆ ದೊರೆಯಿತು. ಅದೇ ಒಂದು ಬೇರೆ ಉಪನ್ಯಾಸದ ವಸ್ತು. ಅಂತೂ ಒಂದೇ ಸೂರಿನಡಿ ಇರಬಹುದು. ಓದಲು ಹೋದ ವಿದ್ಯಾರ್ಥಿಗೂ ಹೆಂಡತಿಯನ್ನು ಕರೆದೊಯ್ಯಲು ಅವಕಾಶವಿದೆ. ಇವರಿಬ್ಬರೂ ಇಂದಲ್ಲ ನಾಳೆ ಹಿಂತಿರುಗತಕ್ಕವರೆಂದು ಕಾನೂನು ಎಣಿಸಿದವರು. ‘ನೀನು ಇಲ್ಲೇ ಇರು, ಇದು ನಿನ್ನ ನೆಲೆ’ ಎಂದು ಅದೇ ಕಾನೂನು ಯಾರಿಗೆ ಹೇಳಿತೋ ಅವನ ಹೆಂಡತಿ ಮಾತ್ರ ಸಾಲಿನಲ್ಲಿ ನಿಲ್ಲಬೇಕು. ಛತ್ರದಲ್ಲಿ ಇಳಿದುಕೊಂಡವನಿಗೆ ಸಂಸಾರಸಹಿತ ಕೋಣೆ. ಮನೆ ಕಟ್ಟಿಕೊಂಡವನಿಗೆ ಒಂಟಿ ಊಟ.

ನಮ್ಮ ಅಳಿಯನಿಗೆ ಗ್ರೀನ್ ಕಾರ್ಡ್ ಬಂದದ್ದು 2000ದ ನವೆಂಬರಿನಲ್ಲಿ. ನಿಶ್ಚಿತಾರ್ಥ ಆಗಿದ್ದುದು ಅದಕ್ಕೆ ಒಂದು ತಿಂಗಳ ಹಿಂದೆ. ಕಾರ್ತಿಕದಲ್ಲಿ ಕಲ್ಯಾಣಮಂಟಪ ಸಿಗಲಿಲ್ಲ, ಅನಂತರ ಧನುರ್ಮಾಸ, ಹೀಗಾಗಿ ಮಾಘಕ್ಕೆ ಹೋಯಿತು. ಕಾರ್ಡ್ ಕೈಸೇರುವ ಹಿಂದಿನ ದಿನ ತಾಳಿ ಕಟ್ಟಿದ್ದರೂ ಅವಳು ಅವನ ಅರ್ಜಿಯ ಅಂಗವಾಗಿಯೇ, ಬೇರೆ ಸರದಿಯಿಲ್ಲದೆ, ಹಿಂದಿನಿಂದ ಹೋಗಿ ಸೇರಬಹುದಾಗಿತ್ತು. ಕಟ್ಟಿದ್ದು ಕಾರ್ಡಿನ ಅನಂತರವಾದ್ದರಿಂದ ಕಾನೂನಿನ ಕಣ್ಣಿಗೆ ಅವಳು ಹೊಸಬಳು. ಇದು ನಮಗೆ ತಿಳಿದದ್ದು ಮದುವೆಯ ಮೇಲೆ. ಈಚೆಗೆ ಬಲ್ಲವರು ಗುರುಬಲವನ್ನು ವಿಚಾರಿಸುವಾಗಲೇ ಕಾರ್ಡಿನ ಬಲವನ್ನೂ ವಿಚಾರಿಸುತ್ತಾರೆ.

ಕಾಯುವವರ ಕಷ್ಟವನ್ನು ಕಂಡು 2000ದ ಡಿಸೆಂಬರಿನಲ್ಲಿ ಅಮೆರಿಕದ ಕಾಂಗ್ರೆಸ್ಸು ‘ವಿ’ ಎಂಬ ಒಂದು ತಾತ್ಕಾಲಿಕ ವೀಸಾವನ್ನು ನಿರ್ಮಿಸಿತು. ಮೂರು ವರ್ಷ ಕಾದವರು ಉಳಿದ ಕಾಲವನ್ನು ಅಮೆರಿಕದಲ್ಲೇ, ಗಂಡನೊಡನೆಯೇ ಕಾಯಬಹುದೆಂಬುದು ಅದರ ತಿರುಳು. ಒಳ್ಳೆಯ ಯೋಚನೆ. ಆದರೆ 2000ದ ಡಿಸೆಂಬರ್ 21ರ ಒಳಗೆ ಅರ್ಜಿ ಸಲ್ಲಿಸಿದ್ದವರಿಗೆ ಮಾತ್ರ. ನಮ್ಮ ಹುಡುಗಿಯದು ಮೂರು ತಿಂಗಳು ತಡ. ಪ್ರವಾಸಿಯಾಗಿ ಹೋಗಿ ನೋಡಿಕೊಂಡು ಬರೋಣವೆಂದರೆ, ನೆಲೆಸಲು ಅರ್ಜಿ ಹಾಕಿದವಳು ಹಿಂತಿರುಗುವಳೆಂದು ಯಾರು ನಂಬುತ್ತಾರೆ? ಅವನೇ ಬಂದು ಇಲ್ಲಿ ಒಂದೆರಡು ವರ್ಷ ಇರೋಣವೆಂದರೆ, ದೀರ್ಘಕಾಲ ಹೊರಗಿದ್ದವನ ಕಾರ್ಡಿಗೇ ಸಂಚಕಾರ. ವರ್ಷಕ್ಕೊಮ್ಮೆ ಮೂರು ನಾಲ್ಕು ವಾರ ಬಂದುಹೋದ. ನಾಲ್ಕು ವರ್ಷ ಹತ್ತು ತಿಂಗಳಲ್ಲಿ ಅವರು ಕೂಡಿ ಬಾಳಿದ್ದು ತೊಂಬತ್ತೊಂದು ದಿನ. ಎಣಿಸಿದವಳು ಅವಳೇ.

ಆ ವರ್ಷಗಳಲ್ಲಿ ಅವಳ ಸ್ಥಿತಿ ಹೇಗಿತ್ತು ಎಂಬುದನ್ನು ಯಾವ ನಮೂನೆಯ ಅರ್ಜಿಯೂ ಕೇಳುವುದಿಲ್ಲ. ಎಂ.ಎಸ್ಸಿ. ಮಾಡಿದ್ದಳು. ಖಾಯಂ ಕೆಲಸಕ್ಕೆ ಎರಡು ಬಾರಿ ಕರೆ ಬಂತು. ‘ಮುಂದಿನ ತಿಂಗಳೇ ವೀಸಾ ಬಂದರೆ?’ ಎಂದು ಬಿಟ್ಟುಕೊಟ್ಟಳು. ಆರು ತಿಂಗಳು ತುಮಕೂರಿನಲ್ಲಿ ಅತ್ತೆ ಮಾವನ ಜೊತೆ, ಆರು ತಿಂಗಳು ಹಾಸನದಲ್ಲಿ. ಎರಡೂ ಕಡೆ ಪ್ರೀತಿಯಿತ್ತು, ಎರಡೂ ಕಡೆ ಅವಳ ಪೆಟ್ಟಿಗೆ ಮಂಚದ ಕೆಳಗೇ ಇತ್ತು. ಮದುವೆಯಾದ ಮೊದಲ ಗೌರಿಹಬ್ಬಕ್ಕೆ ಅಕ್ಕ ಬಾಗಿನ ಸಿದ್ಧಮಾಡುತ್ತಿದ್ದಾಗ ಅವಳು ನಕ್ಕು, ‘ಮಾವ, ತವರಿಗೆ ಬರಬೇಕಾದರೆ ಮೊದಲು ತವರು ಬಿಡಬೇಕಲ್ಲವೇ?’ ಎಂದಳು. ಎರಡನೆಯ ವರ್ಷ ಆ ಮಾತನ್ನು ಆಡಲಿಲ್ಲ. ಬೀದಿಯವರ ‘ಇನ್ನೂ ಹೋಗಲಿಲ್ಲವೇ?’ ಎಂಬ ಪ್ರಶ್ನೆ ಮೊದಲು ಕುತೂಹಲದ್ದಾಗಿತ್ತು, ಬರಬರುತ್ತ ಕನಿಕರದ್ದಾಯಿತು. ಕನಿಕರಕ್ಕೆ ಕಾರಣವೂ ಇತ್ತು. ವಿದೇಶದ ವರ ಮದುವೆಯಾಗಿ ಹೆಣ್ಣನ್ನು ಇಲ್ಲೇ ಬಿಟ್ಟು ಮರೆತುಬಿಟ್ಟ ಪ್ರಕರಣಗಳು ನಮ್ಮಲ್ಲಿ ಹೊಸವಲ್ಲ. ಅಂತಹ ದೂರುಗಳಿಗೆಂದೇ ರಾಷ್ಟ್ರೀಯ ಮಹಿಳಾ ಆಯೋಗ 2009ರಲ್ಲಿ ಪ್ರತ್ಯೇಕ ವಿಭಾಗವನ್ನು ತೆರೆಯಬೇಕಾಯಿತು. ಕೈಬಿಟ್ಟವನು ಹೇಳುವುದೂ ‘ವೀಸಾ ಬಂದಿಲ್ಲ’ ಎಂದೇ. ಕಾಯುತ್ತಿರುವವನು ಹೇಳುವುದೂ ಅದನ್ನೇ. ವಂಚಕನಿಗೆ ಇಷ್ಟು ಗೌರವಸ್ಥವಾದ ನೆಪವನ್ನು ಕಾನೂನು ಒದಗಿಸಿಕೊಡುತ್ತದೆ. ನಮ್ಮ ಅಳಿಯ ಪ್ರಾಮಾಣಿಕನೆಂದು ನಮಗೆ ಗೊತ್ತಿತ್ತು. ಆದರೂ ಮೂರನೆಯ ವರ್ಷದಲ್ಲಿ ಒಂದು ರಾತ್ರಿ ಭಾವನವರು ನನ್ನನ್ನು ಹೊರಗೆ ಕರೆದು, ‘ಅಲ್ಲವಯ್ಯಾ, ಈ ತಾರೀಖುಗಳೆಲ್ಲ ನಿಜವೇ ತಾನೇ?’ ಎಂದು ಕೇಳಿದರು.

ಕೊನೆಗೆ ಸಂದರ್ಶನಕ್ಕೆ ಕರೆ ಬಂತು. ಮದುವೆಯ ಆಲ್ಬಂ, ಲಗ್ನಪತ್ರಿಕೆ, ನೋಂದಣಿಯ ಪ್ರಮಾಣಪತ್ರ, ಐದು ವರ್ಷದ ಫೋನಿನ ಬಿಲ್ಲುಗಳು, ಎಲ್ಲವನ್ನೂ ಕಟ್ಟಿಕೊಂಡು ಹೋದಳು. ಅಧಿಕಾರಿ ಕೇಳಿದ ಮೊದಲ ಪ್ರಶ್ನೆ, ‘ಮದುವೆಗೆ ಮುನ್ನ ನೀವಿಬ್ಬರೂ ಎಲ್ಲೆಲ್ಲಿ ಭೇಟಿಯಾಗುತ್ತಿದ್ದಿರಿ?’ ನಮ್ಮ ಮನೆಯ ಹಜಾರದಲ್ಲಿ, ಎರಡು ಸಲ, ಹನ್ನೊಂದು ಜನರ ಎದುರಿಗೆ ಎಂದಳಂತೆ. ಅಧಿಕಾರಿ ಸಭ್ಯನಾಗಿದ್ದ, ನಕ್ಕು ಸಹಿ ಮಾಡಿದ. ಆದರೆ ಎಲ್ಲೆಲ್ಲೂ ಹೀಗೆ ನಗೆಯಲ್ಲಿ ಮುಗಿದಿಲ್ಲ. 1980ರ ದಶಕದ ಇಂಗ್ಲೆಂಡಿನಲ್ಲಿ, ಅಲ್ಲಿ ನೆಲೆಸಿದ ಹೆಣ್ಣನ್ನು ಮದುವೆಯಾದ ಗಂಡು ತನ್ನ ಮದುವೆಯ ಮುಖ್ಯ ಉದ್ದೇಶ ಇಂಗ್ಲೆಂಡಿಗೆ ಬರುವುದಲ್ಲವೆಂದು ತಾನೇ ರುಜುವಾತುಪಡಿಸಬೇಕಿತ್ತು. ಹಿರಿಯರು ನಿಶ್ಚಯಿಸಿದ ಮದುವೆಯಲ್ಲಿ ಇದನ್ನು ರುಜುವಾತುಪಡಿಸುವುದು ಹೇಗೆ? ಗಂಡಸು ಹೆಂಡತಿಯನ್ನು ಕರೆಸುವುದಕ್ಕೆ ಒಂದು ನಿಯಮ, ಹೆಂಗಸು ಗಂಡನನ್ನು ಕರೆಸುವುದಕ್ಕೆ ಇನ್ನೊಂದು ಕಠಿಣ ನಿಯಮ ಇರುವುದು ತಾರತಮ್ಯವೆಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1985ರಲ್ಲಿ ತೀರ್ಪು ಕೊಟ್ಟಿತು. ಸರ್ಕಾರ ತೀರ್ಪನ್ನು ಪಾಲಿಸಿತು. ಹೇಗೆಂದರೆ, ಕಠಿಣ ನಿಯಮವನ್ನು ಹೆಂಡತಿಯರಿಗೂ ವಿಸ್ತರಿಸಿ! ಆ ನಿಯಮ ರದ್ದಾದದ್ದು 1997ರಲ್ಲಿ. 2012ರಲ್ಲಿ ಅದರ ಜಾಗಕ್ಕೆ ಆದಾಯದ ಅಳತೆಗೋಲು ಬಂತು: ವರ್ಷಕ್ಕೆ 18,600 ಪೌಂಡು ಸಂಪಾದಿಸದವನಿಗೆ ವಿದೇಶದ ಹೆಂಡತಿ ಸಲ್ಲಳು. 2024ರ ಏಪ್ರಿಲಿನಲ್ಲಿ ಅದನ್ನು 29,000ಕ್ಕೆ ಏರಿಸಿದರು.

ಇತಿಹಾಸದ ಮೇಷ್ಟರಾದ್ದರಿಂದ ಇನ್ನೂ ಸ್ವಲ್ಪ ಹಿಂದಕ್ಕೆ ಹೋಗುವ ಚಪಲ. ಕಳೆದ ಶತಮಾನದ ಆರಂಭದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದ ಪಂಜಾಬಿನ ರೈತರು 1917ರ ನಿಷೇಧದ ಕಾನೂನಿನಿಂದಾಗಿ ತಮ್ಮ ಹೆಂಡಿರನ್ನು ಕರೆಸಿಕೊಳ್ಳಲಾರದೆ ಹೋದರು. ಹಲವರು ಅಲ್ಲಿನ ಮೆಕ್ಸಿಕೊ ಮೂಲದ ಹೆಣ್ಣುಗಳನ್ನು ಮದುವೆಯಾದರು. ಇಂಪೀರಿಯಲ್ ಕಣಿವೆಯಲ್ಲಿ ಅಂತಹ ಮನೆತನಗಳೇ ಬೆಳೆದವು. ಪಂಜಾಬಿನ ಹಳ್ಳಿಗಳಲ್ಲಿ ಉಳಿದ ಹೆಂಡಿರ ಕಥೆಯನ್ನು ಅಷ್ಟಾಗಿ ಯಾರೂ ಬರೆದಿಡಲಿಲ್ಲ. 1948ರಲ್ಲಿ ಎಲೆನ್ ನಾಫ್ ಎಂಬ ಜರ್ಮನ್ ಸಂಜಾತೆ, ಅಮೆರಿಕದ ಮಾಜಿ ಸೈನಿಕನೊಬ್ಬನ ಹೆಂಡತಿ, ನ್ಯೂಯಾರ್ಕಿನ ಬಂದರಿಗೆ ಬಂದಿಳಿದಳು. ದೇಶದ ಸುರಕ್ಷತೆಯ ಹೆಸರಿನಲ್ಲಿ, ವಿಚಾರಣೆಯಿಲ್ಲದೆ, ಅವಳನ್ನು ಎಲ್ಲಿಸ್ ದ್ವೀಪದಲ್ಲಿ ತಡೆದಿಟ್ಟರು. ಕಾರಣವನ್ನು ಹೇಳಬೇಕಾಗಿಲ್ಲವೆಂದು 1950ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಪತ್ರಿಕೆಗಳೂ ಕಾಂಗ್ರೆಸ್ ಸದಸ್ಯರೂ ಗದ್ದಲವೆಬ್ಬಿಸಿದ ಮೇಲೆ, 1951ರಲ್ಲಿ ಅವಳು ದ್ವೀಪದಿಂದ ಗಂಡನ ಊರಿಗೆ ಕಾಲಿಟ್ಟಳು. ಆ ತೀರ್ಪಿನ ನೆರಳು ಇನ್ನೂ ಸರಿದಿಲ್ಲ. ವಿದೇಶೀ ಸಂಗಾತಿಗೆ ವೀಸಾ ನಿರಾಕರಿಸಿದರೆ ಅದು ಪ್ರಜೆಯಾದ ಹೆಂಡತಿಯ ಮೂಲಭೂತ ಹಕ್ಕಿಗೆ ಭಂಗವಲ್ಲ ಎಂದು 2024ರ ಜೂನಿನಲ್ಲಿ ಮುನ್ಯೋಸ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಬಹುಮತದಿಂದ ಹೇಳಿದೆ. ಮದುವೆಯಾಗುವ ಹಕ್ಕು ಇದೆ. ಮದುವೆಯಾದವರೊಡನೆ ಸ್ವದೇಶದಲ್ಲಿ ಬಾಳುವ ಹಕ್ಕು ಅದರಲ್ಲಿ ಅಡಕವಾಗಿಲ್ಲ ಎಂದಾಯಿತು.

ಎದುರು ಪಕ್ಷದ ಮಾತನ್ನೂ ಕೇಳಬೇಕು. ಎಷ್ಟು ಜನರನ್ನು ಒಳಗೆ ಬಿಡಬೇಕೆಂಬುದನ್ನು ಯಾವ ದೇಶವಾದರೂ ತಾನೇ ನಿರ್ಧರಿಸುತ್ತದೆ, ಅದು ಸರಿಯೇ. ಕಳ್ಳಮದುವೆಗಳೂ ಉಂಟು. ಆದರೆ ಕಳ್ಳಮದುವೆಗೆ 1986ರಲ್ಲೇ ಬೇರೆ ಮದ್ದು ಅರೆದಿದ್ದಾರೆ: ಹೊಸ ದಂಪತಿಗಳಿಗೆ ಮೊದಲ ಎರಡು ವರ್ಷ ಷರತ್ತಿನ ಕಾರ್ಡು ಕೊಟ್ಟು, ಅನಂತರ ಮತ್ತೆ ಪರೀಕ್ಷಿಸಿ ಖಾಯಂ ಮಾಡುವುದು. ಒಟ್ಟಿಗೆ ಬಾಳುವುದನ್ನು ನೋಡಿ ಪರೀಕ್ಷಿಸುವುದು ವಿವೇಕ. ಬೇರೆ ಬೇರೆ ಇಟ್ಟು ಐದು ವರ್ಷ ಕಾಯಿಸಿದರೆ ಯಾವ ಮದುವೆಯ ಯಾವ ಸತ್ಯ ಹೊರಬೀಳುತ್ತದೆಯೋ ನಾನರಿಯೆ.

ಬೇಕಾದ ತಿದ್ದುಪಡಿ ದೊಡ್ಡದೇನಲ್ಲ. ಖಾಯಂ ನಿವಾಸಿಯ ಹೆಂಡತಿ, ಗಂಡ, ಅಪ್ರಾಪ್ತ ಮಕ್ಕಳನ್ನೂ ಪ್ರಜೆಯ ಹತ್ತಿರದ ಬಂಧುಗಳಂತೆ ಸಂಖ್ಯೆಯ ಮಿತಿಯಿಂದ ಹೊರಗಿಟ್ಟರೆ ಸಾಕು. ಬಾರ್ಬರಾ ಜೋರ್ಡನ್ ಅವರ ಅಧ್ಯಕ್ಷತೆಯ ವಲಸೆ ಸುಧಾರಣಾ ಆಯೋಗ 1995ರಲ್ಲೇ ಗಂಡಹೆಂಡಿರಿಗೆ ಆದ್ಯತೆ ಸಲ್ಲಬೇಕೆಂದಿತ್ತು. 2013ರ ಜೂನ್ 27ರಂದು ಸೆನೆಟ್ ಸಭೆ 68–32 ಮತಗಳಿಂದ ಒಪ್ಪಿದ ಮಸೂದೆಯಲ್ಲಿ ಈ ತಿದ್ದುಪಡಿಯೇ ಸೇರಿತ್ತು. ಕೆಳಮನೆ ಅದನ್ನು ಮತಕ್ಕೇ ಹಾಕಲಿಲ್ಲ. 2019ರ ಜುಲೈಯಿಂದ 2023ರ ಮಾರ್ಚಿಯವರೆಗೆ ಪ್ರಕಟಣೆಯಲ್ಲಿ ಈ ವರ್ಗದ ಸರದಿಯೇ ಇಲ್ಲವಾಗಿತ್ತು. ಸಂತೋಷಪಡುವಷ್ಟರಲ್ಲಿ ಕೋವಿಡ್ ಬಂತು. 2020ರ ಏಪ್ರಿಲಿನ ಅಧ್ಯಕ್ಷರ ಆಜ್ಞೆ ವಲಸೆ ವೀಸಾಗಳನ್ನು ನಿಲ್ಲಿಸಿ, ಪ್ರಜೆಗಳ ಹೆಂಡಿರಿಗೆ ವಿನಾಯಿತಿ ಕೊಟ್ಟು, ನಿವಾಸಿಗಳ ಹೆಂಡಿರನ್ನು ಮತ್ತೆ ಹೊರಗೇ ನಿಲ್ಲಿಸಿತು. 2021ರ ಫೆಬ್ರವರಿಯಲ್ಲಿ ಅದು ರದ್ದಾಯಿತು. 2023ರ ಏಪ್ರಿಲಿನಲ್ಲಿ ಸಾಲು ಮರಳಿ ಬಂತು.

ಕಳೆದ ವರ್ಷ ಅಕ್ಕನ ಮನೆಗೆ ಸುಣ್ಣ ಬಳಿಸುವಾಗ ಅಟ್ಟದ ಮೇಲಿನ ಹಳೆಯ ಕಾಗದಗಳನ್ನೆಲ್ಲ ರದ್ದಿಯವನಿಗೆ ತೂಗಿಸಿದರು. ವೃಷ ಸಂವತ್ಸರದಿಂದ ಪಾರ್ಥಿವದವರೆಗಿನ ಐದು ಪಂಚಾಂಗಗಳು ಆ ಕಟ್ಟಿನಲ್ಲಿ ಸಿಕ್ಕವು. ಭಾವನವರು ತೀರಿಕೊಂಡು ಆರು ವರ್ಷವಾಗಿದೆ. ಪುಟದ ಅಂಚಿನಲ್ಲಿ ಅವರ ಸಣ್ಣ ಅಕ್ಷರದ ತಾರೀಖುಗಳು, ಕೆಲವುದರ ಮುಂದೆ ‘ಅಲ್ಲೇ’ ಎಂಬ ಟಿಪ್ಪಣಿ. ಪಾರ್ಥಿವದ ಮಾರ್ಗಶಿರದ ಪುಟದಲ್ಲಿ ತಾರೀಖಿಲ್ಲ, ‘ಹೊರಟಳು’ ಎಂದಿದೆ. ಅಕ್ಕ ಆ ಐದನ್ನು ಮಾತ್ರ ತಕ್ಕಡಿಯಿಂದ ತೆಗೆದು ಸೆರಗಿನಿಂದ ಒರೆಸಿ ಒಳಗಿಟ್ಟಳು.